ಎದೆಯ ಗಾಯ ಮತ್ತು ತಾಲ್ಲೂಕು ಆಸ್ಪತ್ರೆ: ಸಾಗಹಾಕುವ ಮುನ್ನ ಆಗಬೇಕಾದ ಚಿಕಿತ್ಸೆ

ಎದೆಗೆ ಬಲವಾದ ಪೆಟ್ಟು ಬಿದ್ದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಾಗ ಎಷ್ಟೋ ಸಲ ಎಲ್ಲಕ್ಕಿಂತ ಮೊದಲು ತಯಾರಾಗುವುದು ‘ಮೇಲಿನ ಆಸ್ಪತ್ರೆಗೆ ಕರೆದೊಯ್ಯಿರಿ’ ಎಂಬ ರೆಫರಲ್ ಚೀಟಿ. ಮೂಗಿಗೆ ಆಕ್ಸಿಜನ್, ಕೈಗೊಂದು ಡ್ರಿಪ್, ಆಮೇಲೆ ಆಂಬುಲೆನ್ಸ್. ಇದರ ಹಿಂದೆ ಉದಾಸೀನಕ್ಕಿಂತ ಹೆಚ್ಚಾಗಿ ಭಯವಿದೆ. ಎದೆಯೆಂದರೆ ಹೃದಯ, ಶ್ವಾಸಕೋಶ, ಮಹಾಪಧಮನಿ ಇರುವ ಜಾಗ. ಅಲ್ಲಿ ಕೈಯಿಡಬೇಕಾದರೆ ಸಿ.ಟಿ. ಸ್ಕ್ಯಾನ್, ವೆಂಟಿಲೇಟರ್, ಎದೆಯ ಶಸ್ತ್ರಚಿಕಿತ್ಸಾ ತಜ್ಞರು ಎಲ್ಲ ಇರಬೇಕು ಎಂಬ ಭಯ. ಅಪಘಾತ ಚಿಕಿತ್ಸೆಯ ಶಾಸ್ತ್ರ ಹೇಳುವುದು ಬೇರೆಯೇ ಇದೆ. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ರೂಪಿಸಿ ಇಂದು ಹಲವು ದೇಶಗಳಲ್ಲಿ ಕಲಿಸಲಾಗುತ್ತಿರುವ ಎಟಿಎಲ್‌ಎಸ್ ಪಠ್ಯದ ಪ್ರಕಾರ, ಮೊಂಡು ಪೆಟ್ಟಿನಿಂದ ಎದೆಗೆ ಗಾಯವಾದವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದು ನೂರಕ್ಕೆ 10ಕ್ಕಿಂತ ಕಡಿಮೆ ಮಂದಿಗೆ. ಚೂರಿ, ಗುಂಡಿನಂಥ ಒಳಹೊಕ್ಕ ಗಾಯಗಳಲ್ಲೂ ಅದು ನೂರಕ್ಕೆ 15ರಿಂದ 30. ಉಳಿದವರಿಗೆ ಬೇಕಾದದ್ದು ಎದೆಗೂಡಿನಲ್ಲಿ ತುಂಬಿದ ಗಾಳಿ, ರಕ್ತವನ್ನು ಹೊರಬಿಡುವ ಒಂದು ಟ್ಯೂಬು, ಆಕ್ಸಿಜನ್, ನೋವಿಗೆ ಸರಿಯಾದ ಔಷಧ, ಮತ್ತು ಪಕ್ಕದಲ್ಲಿದ್ದು ಗಮನಿಸುವ ನರ್ಸ್. ಇವೆಲ್ಲ ತಾಲ್ಲೂಕು ಆಸ್ಪತ್ರೆಯ ಅಳವಿನೊಳಗೇ ಇರುವಂಥವು. ಆದ್ದರಿಂದ ನನ್ನ ವಾದ ಇಷ್ಟು: ಎದೆಗೆ ಗಾಯವಾದ ಬಹುತೇಕರ ಜೀವ ಉಳಿಯುವುದೋ ಹೋಗುವುದೋ ಎಂಬುದು ತೀರ್ಮಾನವಾಗುವುದು ದಾರಿಯಲ್ಲಿ ಸಿಗುವ ಮೊದಲ ಚಿಕ್ಕ ಆಸ್ಪತ್ರೆಯಲ್ಲಿ. ಅಲ್ಲಿ ಯಂತ್ರಗಳಿಗಿಂತ ಹೆಚ್ಚಾಗಿ ಕೊರತೆಯಿರುವುದು ಪಳಗಿದ ಕೈಗಳದು, ಆ ಕೈಗಳ ಹಿಂದೆ ನಿಲ್ಲುವ ವ್ಯವಸ್ಥೆಯದು.

ಈ ಪ್ರಶ್ನೆ ನಮಗೆ ಎಷ್ಟು ಹತ್ತಿರದ್ದು ಎಂಬುದಕ್ಕೆ ಹೆಚ್ಚು ಹುಡುಕಬೇಕಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು. ಗಾಯಗಳಿಂದಾಗುವ ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಎದೆಯ ಗಾಯವೇ ಕಾರಣ ಎಂದು ವೈದ್ಯಕೀಯ ಪಠ್ಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಕರ್ನಾಟಕದಲ್ಲಿ ರಸ್ತೆಯ ಜೊತೆಗೆ ತೋಟ, ಹೊಲಗಳೂ ಎದೆ ಮುರಿಯುತ್ತವೆ. ಮಲೆನಾಡು, ಕರಾವಳಿಯಲ್ಲಿ ಕೊನೆ ಕೊಯ್ಯಲು ಅಡಿಕೆ ಮರ ಏರಿ ಬೀಳುವವರಿದ್ದಾರೆ. ಫೈಬರ್ ದೋಟಿ ಬಂದಮೇಲೆ ಮರ ಏರುವುದು ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಟ್ರ್ಯಾಕ್ಟರ್ ಮಗುಚಿ ಅಡಿ ಸಿಕ್ಕವರು, ಹಾವೇರಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಂಬಿನ ತಿವಿತ ತಿಂದವರು, ಕಲ್ಲು ಕ್ವಾರಿಯ ಕೂಲಿಗಳು ಇದೇ ಸಾಲಿನವರು. ಇವರು ಗಾಯಗೊಳ್ಳುವ ಊರಿಗೂ ದೊಡ್ಡ ಆಸ್ಪತ್ರೆಗೂ ನಡುವಿನ ದೂರ ಸಣ್ಣದಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನಷ್ಟು, ಕಾರವಾರದಿಂದ ಮಂಗಳೂರಿಗೆ 250 ಕಿಲೋಮೀಟರಿಗೂ ಹೆಚ್ಚು. ಉತ್ತರ ಕನ್ನಡ ಜಿಲ್ಲೆಯ ಜನ ಸುಸಜ್ಜಿತ ಆಸ್ಪತ್ರೆಗಾಗಿ ವರ್ಷಗಳಿಂದ ದನಿಯೆತ್ತುತ್ತಿರುವುದು ಈ ಕಾರಣಕ್ಕೇ. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವವರೆಗೂ, ಈಡೇರಿದ ಮೇಲೂ, ಅಂಕೋಲಾದಲ್ಲಿಯೋ ಯಲ್ಲಾಪುರದಲ್ಲಿಯೋ ಗಾಯಗೊಂಡವನನ್ನು ಮೊದಲು ಮುಟ್ಟುವ ವೈದ್ಯರು ಅಲ್ಲಿನ ಆಸ್ಪತ್ರೆಯ ರಾತ್ರಿ ಪಾಳಿಯವರೇ ಆಗಿರುತ್ತಾರೆ.

ಆ ವೈದ್ಯರ ಮುಂದೆ ಇರುವುದೇನು ಎಂದು ಹತ್ತಿರದಿಂದ ನೋಡೋಣ. ಪಕ್ಕೆಲುಬು ಮುರಿದು ಅದರ ಚೂಪು ತುದಿ ಶ್ವಾಸಕೋಶವನ್ನು ಚುಚ್ಚಿದರೆ, ಪ್ರತಿ ಉಸಿರಿಗೂ ಒಂದಿಷ್ಟು ಗಾಳಿ ಶ್ವಾಸಕೋಶದಿಂದ ಸೋರಿ ಎದೆಗೂಡಿನಲ್ಲಿ ಸೇರುತ್ತ ಹೋಗಬಹುದು. ಹೋದ ಗಾಳಿಗೆ ಹೊರದಾರಿಯಿಲ್ಲ. ಒತ್ತಡ ಏರಿದಂತೆ ಆ ಕಡೆಯ ಶ್ವಾಸಕೋಶ ಮುದುಡುತ್ತದೆ, ಹೃದಯ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ, ಹೃದಯಕ್ಕೆ ಮರಳಬೇಕಾದ ರಕ್ತ ಅಲ್ಲಲ್ಲೇ ತಡೆದು ನಿಲ್ಲುತ್ತದೆ. ಇದು ಟೆನ್ಷನ್ ನ್ಯೂಮೋಥೊರಾಕ್ಸ್. ಇದನ್ನು ಗುರುತಿಸಲು ಎಕ್ಸ್-ರೇಗೆ ಕಾಯಬಾರದು. ಏದುಸಿರು, ಒಂದು ಕಡೆ ಏಳದ ಎದೆ, ಅಲ್ಲಿ ಸ್ಟೆತಾಸ್ಕೋಪಿಗೆ ಕೇಳಿಸದ ಉಸಿರು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು, ಕುಸಿಯುತ್ತಿರುವ ರಕ್ತದೊತ್ತಡ: ಇಷ್ಟರ ಮೇಲೆಯೇ ನಿರ್ಧರಿಸಿ ಗಾಳಿಯನ್ನು ಹೊರಬಿಡಬೇಕು. ಮೊದಲು ದಪ್ಪ ಸೂಜಿ, ಅದರ ಬೆನ್ನಿಗೇ ಟ್ಯೂಬು. ವಯಸ್ಕರಿಗೆ ಸೂಜಿ ಚುಚ್ಚುವ ಜಾಗವನ್ನು ಎಟಿಎಲ್‌ಎಸ್‌ನ 2018ರ ಆವೃತ್ತಿ ಕೊರಳೆಲುಬಿನ ಕೆಳಗಿನಿಂದ ಕಂಕುಳಿನ ಕೆಳಭಾಗದ ನಾಲ್ಕು ಅಥವಾ ಐದನೆಯ ಪಕ್ಕೆಲುಬಿನ ಸಂದಿಗೆ ಬದಲಾಯಿಸಿತು. ಮುಂಭಾಗದ ದಪ್ಪ ಸ್ನಾಯುವನ್ನು ದಾಟಲಾರದೆ ಸೂಜಿ ನಡುವೆಯೇ ನಿಂತುಬಿಡುವ ಪ್ರಸಂಗಗಳು ಹೆಚ್ಚೆಂದು ಕಂಡುಬಂದದ್ದರಿಂದ. ಟ್ಯೂಬು ಹಾಕುವುದೂ ಅದೇ ಜಾಗದಲ್ಲಿ. ಚರ್ಮಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು, ಚಿಕ್ಕದಾಗಿ ಕೊಯ್ದು, ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ಒತ್ತಿಕೊಂಡೇ ಇಕ್ಕಳದಿಂದ ದಾರಿ ಬಿಡಿಸಬೇಕು, ಏಕೆಂದರೆ ರಕ್ತನಾಳ ಮತ್ತು ನರ ಸಾಗುವುದು ಪ್ರತಿ ಪಕ್ಕೆಲುಬಿನ ಕೆಳಂಚಿನಲ್ಲಿ. ಒಳಹೊಕ್ಕ ಮೇಲೆ ಬೆರಳನ್ನು ಸುತ್ತಾಡಿಸಿ ಶ್ವಾಸಕೋಶ ಗೋಡೆಗೆ ಅಂಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೀಗೆ ಅಂಟಿಸುವ ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಬೆರಳ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಟ್ಯೂಬಿನ ಇನ್ನೊಂದು ತುದಿಗೆ ಜೋಡಿಸಿದ ಕೊಳವೆ ಬಾಟಲಿಯ ನೀರಿನಲ್ಲಿ ಸುಮಾರು 2 ಸೆಂಟಿಮೀಟರ್ ಮುಳುಗಿರಬೇಕು. ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಹಿಂದಕ್ಕೆ ಹೋಗಲಾರದು. ಉಸಿರಾಟಕ್ಕೆ ತಕ್ಕಂತೆ ಕೊಳವೆಯೊಳಗಿನ ನೀರು ಏರಿಳಿಯುತ್ತಿದ್ದರೆ ಟ್ಯೂಬು ಕೆಲಸ ಮಾಡುತ್ತಿದೆ ಎಂದರ್ಥ. ಪಳಗಿದ ಕೈಗೆ ಇದು ಕಾಲು ಗಂಟೆಯ ಕೆಲಸ, ಸಾಮಗ್ರಿಯ ಬೆಲೆ ಕೆಲವು ನೂರು ರೂಪಾಯಿ.

ಈ ನೀರಿನ ಬಾಟಲಿ ಬಡವರಿಗೆಂದು ಕಂಡುಕೊಂಡ ಉಪಾಯವೇನಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ವೈದ್ಯ ಗಾಟ್‌ಹಾರ್ಡ್ ಬ್ಯೂಲಾವ್ 1875ರಲ್ಲಿ ಎದೆಯ ಕೀವು ತೆಗೆಯಲು ಬಳಸಿದ ತತ್ತ್ವವೇ ಇಂದು ಅತಿ ದುಬಾರಿ ಆಸ್ಪತ್ರೆಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೂ ಇದೆ. ಎದೆ ಗಾಯದ ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ ಸಾವಿನ ಪ್ರಮಾಣದಲ್ಲಿ ದೊಡ್ಡ ಇಳಿಕೆ ಆದದ್ದು ಸ್ಕ್ಯಾನರ್‌ಗಳು ಹುಟ್ಟುವ ಮುಂಚೆ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆಗೆ ಒಳಹೊಕ್ಕ ಗಾಯವಾದ ಸೈನಿಕರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ನೂರಕ್ಕೆ 12ರ ಆಸುಪಾಸಿಗೆ ಬಂದಿತ್ತು. ರಕ್ತಪೂರಣ, ಪ್ರತಿಜೀವಕ, ಸುರಕ್ಷಿತ ಅರಿವಳಿಕೆ, ಎದೆಯೊಳಗಿನ ರಕ್ತವನ್ನು ಹೊರತೆಗೆಯುವ ಶಿಸ್ತು ಎಲ್ಲವೂ ಕೂಡಿ ಅದನ್ನು ಸಾಧಿಸಿದವು. ಯಂತ್ರದ ಮೇಲಿನ ಅತಿನಂಬಿಕೆ ತಿರುಗುಬಾಣವಾದ ಉದಾಹರಣೆಯೂ ಇದೆ. ಸಾಲಾಗಿ ಹಲವು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದು ಎದೆಯ ಒಂದು ಭಾಗ ಸಡಿಲಾಗಿ ಓಲಾಡುವ ಸ್ಥಿತಿಗೆ ಫ್ಲೇಲ್ ಚೆಸ್ಟ್ ಎನ್ನುತ್ತಾರೆ. 1950ರ ದಶಕದ ನಡುವಿನಿಂದ ಇಂಥ ರೋಗಿಗಳನ್ನೆಲ್ಲ ವಾರಗಟ್ಟಲೆ ವೆಂಟಿಲೇಟರಿಗೆ ಹಾಕುವುದೇ ಪದ್ಧತಿಯಾಯಿತು. 1975ರಲ್ಲಿ ಅಮೆರಿಕದ ಶಸ್ತ್ರವೈದ್ಯ ಟ್ರಿಂಕಲ್ ಮತ್ತು ಸಂಗಡಿಗರು, ನೋವು ನಿವಾರಣೆ, ಎದೆಯ ಫಿಸಿಯೋಥೆರಪಿ, ಡ್ರಿಪ್ಪಿನಲ್ಲಿ ಮಿತಿ ಇವುಗಳಿಂದ ನೋಡಿಕೊಂಡವರಿಗಿಂತ ವಾಡಿಕೆಯಂತೆ ವೆಂಟಿಲೇಟರಿಗೆ ಹಾಕಿದವರಲ್ಲೇ ತೊಡಕು ಮತ್ತು ಸಾವು ಹೆಚ್ಚೆಂದು ತೋರಿಸಿದರು. ಅಧ್ಯಯನ ಚಿಕ್ಕದು, ಆದರೆ ಅದು ತೆರೆದ ದಾರಿಯಲ್ಲೇ ಚಿಕಿತ್ಸೆ ಮುಂದುವರಿಯಿತು. ಇಂದು ವೆಂಟಿಲೇಟರ್ ಹಾಕುವುದು ಉಸಿರಾಟ ಸೋತವರಿಗೆ. ಪಕ್ಕೆಲುಬು ಮುರಿದಿದೆ ಎಂಬ ಒಂದೇ ಕಾರಣಕ್ಕಲ್ಲ.

ಇಲ್ಲಿ ನೋವಿನ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವುದು ಇದೇ ಎಂದು ನನಗನ್ನಿಸುತ್ತದೆ. ಮುರಿದ ಪಕ್ಕೆಲುಬಿನ ನೋವಿನಿಂದ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಶ್ವಾಸಕೋಶದಲ್ಲೇ ಕಟ್ಟಿಕೊಂಡು ಮೂರು ನಾಲ್ಕು ದಿನದಲ್ಲಿ ನ್ಯುಮೋನಿಯಾ ಆಗಬಹುದು. ಮೊದಲ ದಿನ ಮಾತಾಡುತ್ತ ಕುಳಿತಿದ್ದ ಮುದುಕರು ಐದನೆಯ ದಿನ ಐಸಿಯು ಸೇರುವುದು ಹೀಗೆ. ಅಮೆರಿಕದ ಸಿಯಾಟಲ್‌ನಿಂದ 2000ದಲ್ಲಿ ಬಂದ ಬಲ್ಜರ್ ಅವರ ಅಧ್ಯಯನದಲ್ಲಿ, ಪಕ್ಕೆಲುಬು ಮುರಿದ 65 ದಾಟಿದವರಲ್ಲಿ ನೂರಕ್ಕೆ 22 ಮಂದಿ ಸತ್ತಿದ್ದರೆ ಕಿರಿಯರಲ್ಲಿ ಸತ್ತವರು 10. ಹಿರಿಯರಲ್ಲಿ ಮುರಿದ ಪ್ರತಿ ಹೆಚ್ಚುವರಿ ಪಕ್ಕೆಲುಬಿಗೂ ಸಾವಿನ ಅಪಾಯ ನೂರಕ್ಕೆ 19ರಷ್ಟು, ನ್ಯುಮೋನಿಯಾದ ಅಪಾಯ 27ರಷ್ಟು ಏರುತ್ತಿತ್ತು. ಎಲ್ಲ ಸೌಕರ್ಯವಿರುವ ಕಡೆಯೇ ಹೀಗಾದರೆ ನಮ್ಮಲ್ಲಿ ಇನ್ನೆಷ್ಟು ಎಚ್ಚರ ಬೇಕು! ಮದ್ದು ದುಬಾರಿಯಲ್ಲ. ಗಡಿಯಾರ ನೋಡಿ ತಪ್ಪದೆ ಕೊಡುವ ಪ್ಯಾರಸಿಟಮಾಲ್, ಅಗತ್ಯವಿದ್ದಷ್ಟು ಮಾರ್ಫಿನ್ ಅಥವಾ ಟ್ರಮಡಾಲ್, ಮುರಿದ ಜಾಗದ ನರಕ್ಕೆ ಬ್ಯುಪಿವಕೇನ್ ಚುಚ್ಚುಮದ್ದು. ಸಿಸೇರಿಯನ್‌ಗೆಂದು ಬರುವ ಅರಿವಳಿಕೆ ತಜ್ಞರಿಗೆ ಇದು ಹೊಸ ವಿದ್ಯೆಯಲ್ಲ. ಜೊತೆಗೆ ರೋಗಿಯನ್ನು ಎಬ್ಬಿಸಿ ಕೂರಿಸುವುದು, ಎದೆಗೆ ದಿಂಬು ಅವುಚಿಕೊಂಡು ಕೆಮ್ಮಲು ಹೇಳುವುದು, ಮೂರು ಚೆಂಡಿನ ಸ್ಪೈರೋಮೀಟರನ್ನು ಗಂಟೆಗೊಮ್ಮೆ ಎಳೆಸುವುದು. ಹಳ್ಳಿಗಳಲ್ಲಿ ನಾಟಿ ವೈದ್ಯರು ಎದೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟುವ ರೂಢಿಯಿದೆ. ಕೈಕಾಲಿನ ಮೂಳೆಗೆ ಕಟ್ಟು ಬೇಕಾಗಬಹುದು, ಎದೆಗೆ ಬೇಡ. ಬಿಗಿದ ಎದೆ ಅರಳುವುದಿಲ್ಲ. ಇದನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಿಳಿಸಬಹುದಲ್ಲ?

ರಕ್ತಸ್ರಾವದ ವಿಷಯದಲ್ಲೂ ಚಿಕ್ಕ ಆಸ್ಪತ್ರೆ ಕೈಕಟ್ಟಿ ಕೂರಬೇಕಿಲ್ಲ. ಎದೆಯಲ್ಲಿ ತುಂಬಿದ ರಕ್ತ ಟ್ಯೂಬಿನಿಂದ ಹೊರಬಂದು ಶ್ವಾಸಕೋಶ ಅರಳಿದರೆ, ಸಣ್ಣ ನಾಳಗಳ ಸ್ರಾವ ಬಹಳಷ್ಟು ಸಲ ತಾನೇ ನಿಲ್ಲುತ್ತದೆ. ಟ್ಯೂಬು ಹಾಕಿದೊಡನೆ 1,500 ಮಿಲಿಲೀಟರಿಗಿಂತ ಹೆಚ್ಚು ಬಂದರೆ, ಅಥವಾ ಎರಡರಿಂದ ನಾಲ್ಕು ಗಂಟೆ ಕಾಲ ಗಂಟೆಗೆ 200 ಮಿಲಿಲೀಟರಿನಂತೆ ಬರುತ್ತಲೇ ಇದ್ದರೆ ಎದೆ ತೆರೆಯಬೇಕಾಗುತ್ತದೆ. ಅಂದರೆ ಯಾರನ್ನು ತುರ್ತಾಗಿ ಸಾಗಿಸಬೇಕು, ಯಾರನ್ನು ಇಲ್ಲೇ ನೋಡಿಕೊಳ್ಳಬಹುದು ಎಂಬುದನ್ನೂ ಬಾಟಲಿಯ ಮೇಲಿನ ಗೆರೆಗಳೇ ತಿಳಿಸುತ್ತವೆ. ಗಂಟೆಗೊಮ್ಮೆ ಅದನ್ನು ಬರೆದಿಡುವ ನರ್ಸ್ ಇರಬೇಕು, ಅಷ್ಟೆ. ಟ್ರಾನೆಕ್ಸಮಿಕ್ ಆಸಿಡ್ ಎಂಬ ಅಗ್ಗದ ಚುಚ್ಚುಮದ್ದಿನ ಬಗ್ಗೆ ಈಗ ಗಟ್ಟಿ ಆಧಾರವಿದೆ. 40 ದೇಶಗಳ 20,211 ಗಾಯಾಳುಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಲ್ಲಿ ಸಾವಿನ ಪ್ರಮಾಣ ನೂರಕ್ಕೆ 16ರಿಂದ 14.5ಕ್ಕೆ ಇಳಿಯಿತು. ಆ ಪ್ರಯೋಗಕ್ಕೆ ಅತಿ ಹೆಚ್ಚು ರೋಗಿಗಳು ಸೇರಿದ್ದು ಭಾರತದಿಂದಲೇ. ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ, ತಡವಾದರೆ ಹಾನಿಯೂ ಆದೀತು ಎಂಬುದು ಅದರ ಮುಂದಿನ ವಿಶ್ಲೇಷಣೆಯಿಂದ ತಿಳಿದದ್ದು. ಶಿರಸಿ, ಕಾರವಾರದಂಥ ಊರುಗಳಿಗೆ ಈ ಒಂದು ಅಂಶವೇ ಸಾಕು: ಮೇಲಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ 3 ಗಂಟೆ ಮುಗಿದಿರಬಹುದು. ಹೆರಿಗೆಯ ನಂತರದ ರಕ್ತಸ್ರಾವಕ್ಕೂ ಇದೇ ಔಷಧ ಬಳಸುವುದರಿಂದ ಹೆರಿಗೆ ವಾರ್ಡಿನ ಕಪಾಟಿನಲ್ಲಿ ಅದು ಇರುತ್ತದೆ. ತುರ್ತು ಕೊಠಡಿಯ ಟ್ರೇಗೂ ಬರಬೇಕು. ಆಕ್ಸಿಜನ್ ಬಗ್ಗೆಯೂ ಮೊದಲಿನ ನೆಪ ಈಗಿಲ್ಲ. ಕೋವಿಡ್ ಕಾಲದಲ್ಲಿ ದೇಶದ ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಆಕ್ಸಿಜನ್ ಉತ್ಪಾದನಾ ಘಟಕಗಳು ಬಂದವು. ಅವನ್ನು ಸುಸ್ಥಿತಿಯಲ್ಲಿ ಇಡುವುದಷ್ಟೇ ಉಳಿದಿರುವ ಕೆಲಸ.

ನನ್ನ ವಾದಕ್ಕೆ ವೈದ್ಯರ ಕಡೆಯಿಂದಲೇ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಅನುಭವವಿಲ್ಲದವರು ಹಾಕಿದ ಟ್ಯೂಬು ಯಕೃತ್ತನ್ನೋ ಗುಲ್ಮವನ್ನೋ ಹೊಕ್ಕೀತು, ಚರ್ಮದಡಿಯಲ್ಲೇ ಉಳಿದೀತು, ಕೀವಿಗೆ ಕಾರಣವಾದೀತು. ಹೌದು, ಇವೆಲ್ಲ ಆಗುತ್ತವೆ, ಬೋಧನಾ ಆಸ್ಪತ್ರೆಗಳಲ್ಲೂ ಆಗುತ್ತವೆ. ಇವುಗಳಲ್ಲಿ ಬಹುಪಾಲಿಗೆ ಕಾರಣ ಗೊತ್ತಿದೆ: ತೀರ ಕೆಳಗೆ ಕೊಯ್ಯುವುದು, ಚೂಪು ಸರಳಿರುವ ಟ್ರೋಕಾರ್ ಟ್ಯೂಬನ್ನು ಬಲದಿಂದ ನೂಕುವುದು, ಬೆರಳಾಡಿಸದೆ ಬಿಡುವುದು. ಇದಕ್ಕೆ ಪರಿಹಾರ ಅಭ್ಯಾಸ. ಮಾಂಸದಂಗಡಿಯಿಂದ ತಂದ ಕುರಿಯ ಪಕ್ಕೆಯ ಮೇಲೆ ಟ್ಯೂಬು ಹಾಕುವ ತರಬೇತಿಯನ್ನು ಎಷ್ಟೋ ದೇಶಗಳಲ್ಲಿ ಕೊಡುತ್ತಾರೆ. ಒಂದು ಮಧ್ಯಾಹ್ನದಲ್ಲಿ ಹತ್ತು ಜನ ಕಲಿಯಬಹುದು. 2012ರ ಕಾಯ್ದೆಯ ಮೂಲಕ ವೈದ್ಯ ಪದವೀಧರರಿಗೆ ಕಡ್ಡಾಯ ಸೇವೆ ವಿಧಿಸಿದ್ದ ಕರ್ನಾಟಕ, ಸೇವೆಗೆ ನೇಮಿಸುವ ವೈದ್ಯರನ್ನು ಊರುಗಳಿಗೆ ಕಳಿಸುವ ಮುನ್ನ ಹಿರಿಯರ ಕಣ್ಣೆದುರಿಗೆ ಕೆಲವು ಟ್ಯೂಬುಗಳನ್ನು ಕೈಯಾರೆ ಹಾಕಿಸಿಯೇ ಕಳಿಸಬೇಕು. ತರಬೇತಿಯಿಂದ ಫಲವಿದೆಯೇ? ಕೆರಿಬಿಯನ್‌ನ ಟ್ರಿನಿಡಾಡ್‌ನಲ್ಲಿ ಎಟಿಎಲ್‌ಎಸ್ ಕಲಿಸಿದ ಮೇಲೆ ತೀವ್ರ ಗಾಯಾಳುಗಳ ಸಾವು ನೂರಕ್ಕೆ 67ರಿಂದ 34ಕ್ಕೆ ಇಳಿಯಿತೆಂದು 1993ರ ವರದಿ ಹೇಳುತ್ತದೆ. ನೆಲಬಾಂಬುಗಳ ನಡುವೆ ಬದುಕುತ್ತಿದ್ದ ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ಹಳ್ಳಿಗಳಲ್ಲಿ 1997ರಿಂದ 2001ರವರೆಗೆ ನಾರ್ವೆಯ ವೈದ್ಯ ಹಾನ್ಸ್ ಹುಸುಮ್ ಮತ್ತು ಸಂಗಡಿಗರು ಅರೆವೈದ್ಯರನ್ನೂ ಹಳ್ಳಿಗರನ್ನೂ ತರಬೇತುಗೊಳಿಸಿದಾಗ ಸಾವು ನೂರಕ್ಕೆ 40ರಿಂದ 15ರ ಸಮೀಪಕ್ಕೆ ಬಂತು. ಇವು ಮುಂಚೆ ಮತ್ತು ನಂತರ ಎಂದು ಹೋಲಿಸಿದ ಅಧ್ಯಯನಗಳು. ನಿಯಂತ್ರಿತ ಪ್ರಯೋಗದಷ್ಟು ಗಟ್ಟಿಯಲ್ಲ, ಇಳಿಕೆಯೆಲ್ಲ ತರಬೇತಿಯಿಂದಲೇ ಆಯಿತೆನ್ನಲಾಗದು. ಆದರೂ ಇಷ್ಟು ದೊಡ್ಡ ವ್ಯತ್ಯಾಸವನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹೊರತಂದ ಅಗತ್ಯ ಅಪಘಾತ ಚಿಕಿತ್ಸೆಯ ಮಾರ್ಗಸೂಚಿ ಕೂಡ ಎದೆಯ ಟ್ಯೂಬನ್ನು ಸಾಮಾನ್ಯ ವೈದ್ಯರು ನಡೆಸುವ ಆಸ್ಪತ್ರೆಗಳಿಗೂ ಅಗತ್ಯವೆಂದೇ ಹೇಳುತ್ತದೆ.

ಎರಡನೆಯ ಆಕ್ಷೇಪ: ಸ್ಕ್ಯಾನ್ ಇಲ್ಲದೆ ಒಳಗಿನ ದೊಡ್ಡ ಗಾಯ ಕಾಣದೇ ಹೋದರೆ? ಚಿಕ್ಕ ಆಸ್ಪತ್ರೆಯಲ್ಲಿ ಕಳೆದ ಹೊತ್ತೇ ಮುಳುವಾದರೆ? ಮಹಾಪಧಮನಿ ಹರಿದವರಲ್ಲಿ ಹೆಚ್ಚಿನವರು ಸ್ಥಳದಲ್ಲೇ ಸಾಯುತ್ತಾರೆ. ಬದುಕಿ ಬಂದವರಲ್ಲಿ ಎಕ್ಸ್-ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಂಡರೆ, ರಕ್ತದೊತ್ತಡ ಏರದಂತೆ ನೋಡಿಕೊಂಡು ಕಳಿಸಲೇಬೇಕು. ಹೃದಯದ ನೇರಕ್ಕೆ ಚೂರಿ ಇರಿತವಾಗಿ ರಕ್ತದೊತ್ತಡ ಬಿದ್ದುಹೋಗಿರುವವರ ಮಾತು ಬೇರೆ. ಶಸ್ತ್ರಚಿಕಿತ್ಸಕರು ಹತ್ತಿರದಲ್ಲಿದ್ದರೆ ಅಲ್ಲಿ ಒಂದು ನಿಮಿಷವೂ ಕಳೆಯಬಾರದು, ಒಪ್ಪುತ್ತೇನೆ. ಉಳಿದ ಕಡೆ ಕಾಲು ಗಂಟೆಯ ಟ್ಯೂಬಿಗಾಗಿ ಎರಡು ಗಂಟೆಯ ಪಯಣವನ್ನು ತಡೆಹಿಡಿದದ್ದು ನಷ್ಟವಲ್ಲ. ಏರುತ್ತಿರುವ ಗಾಳಿಯ ಒತ್ತಡವನ್ನು ಹೊತ್ತು ಘಟ್ಟದ ತಿರುವುಗಳಲ್ಲಿ ಸಾಗುವ ರೋಗಿಗೆ ಆಂಬುಲೆನ್ಸಿನೊಳಗೆ ಮಾಡಬಹುದಾದದ್ದು ಬಹಳ ಕಡಿಮೆ. ಟ್ಯೂಬು ಹಾಕಿ ಕಳಿಸುವಾಗ ಒಂದು ಎಚ್ಚರ ಮಾತ್ರ ಅತ್ಯಗತ್ಯ. ನೀರು ಚೆಲ್ಲೀತೆಂದು ಕೆಲವರು ಟ್ಯೂಬಿಗೆ ಕ್ಲ್ಯಾಂಪ್ ಹಾಕಿಬಿಡುತ್ತಾರೆ. ಶ್ವಾಸಕೋಶ ಇನ್ನೂ ಸೋರುತ್ತಿದ್ದರೆ ಅದೇ ಕ್ಲ್ಯಾಂಪ್ ಪ್ರಾಣ ತೆಗೆಯುತ್ತದೆ. ಬಾಟಲಿ ಸದಾ ಎದೆಗಿಂತ ಕೆಳಗಿರಲಿ, ಟ್ಯೂಬು ತೆರೆದಿರಲಿ. ವಿಯೆಟ್ನಾಂ ಯುದ್ಧದಲ್ಲಿ ಹೈಮ್ಲಿಕ್ ವಾಲ್ವ್ ಎಂಬ ಪುಟ್ಟ ರಬ್ಬರ್ ಕವಾಟ ಸಾಗಣೆಯ ಈ ತೊಡಕನ್ನು ನಿವಾರಿಸಿತ್ತು. ನಮ್ಮ ‘108’ ಆಂಬುಲೆನ್ಸ್‌ಗಳಲ್ಲೂ ಅದಿದ್ದರೆ ಚೆನ್ನು.

ಮೂರನೆಯದು ಕಾನೂನು ಮತ್ತು ಹಲ್ಲೆಯ ಹೆದರಿಕೆ. ರೋಗಿ ತನ್ನ ಕೈಯಲ್ಲಿ ಸತ್ತರೆ ಬಂಧುಗಳು ಮೈಮೇಲೆ ಬಂದಾರು, ಮೊಕದ್ದಮೆ ಬಿದ್ದೀತು ಎಂಬ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ತುರ್ತು ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗವೆಂದೂ, ಎಂಎಲ್‌ಸಿ (ವೈದ್ಯ-ಕಾನೂನು ಪ್ರಕರಣ), ಪೊಲೀಸ್ ವಿಧಿಗಳಿಗಾಗಿ ಅದನ್ನು ತಡೆಯಬಾರದೆಂದೂ ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ. ಕಾಯ್ದೆ ಕಾಗದದಲ್ಲಿದ್ದರೆ ಸಾಲದು. ರಾತ್ರಿ ಪಾಳಿಯ ವೈದ್ಯರು ಫೋನ್ ಮಾಡಿದರೆ ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸಕರು ಎತ್ತಬೇಕು, ‘ಹಾಕಿ, ನಾನಿದ್ದೇನೆ’ ಎನ್ನಬೇಕು. ಆ ಮಾತನ್ನು ಬರೆದಿಡುವ ಪದ್ಧತಿಯಿದ್ದರೆ ಹೊಣೆ ಇಬ್ಬರದಾಗುತ್ತದೆ.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ‘ಸರಳ ಚಿಕಿತ್ಸೆ ಸಾಕು’ ಎಂಬ ವಾದ ಸರ್ಕಾರಕ್ಕೆ ನೆಪವಾಗಿ, ಹಳ್ಳಿಯವರಿಗೆ ಎರಡನೆಯ ದರ್ಜೆಯ ವೈದ್ಯವೇ ಗಟ್ಟಿಯಾಗುವುದಿಲ್ಲವೇ? ನಾನು ಹೇಳುತ್ತಿರುವ ಚಿಕಿತ್ಸೆ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಲ್ಲೂ ಲಂಡನ್ನಿನಲ್ಲೂ ಮೊದಲು ಕೊಡುವಂಥದ್ದೇ. ಅದು ಯಾರಿಗೂ ಎರಡನೆಯ ದರ್ಜೆಯದಲ್ಲ. ಆದರೆ ಶಸ್ತ್ರಚಿಕಿತ್ಸೆ ಬೇಕಾಗುವ ಆ ಹತ್ತರೊಳಗಿನ ಒಬ್ಬ ರೋಗಿಗೆ ಟ್ಯೂಬು ಸಾಲದು. ಹೆಪ್ಪುಗಟ್ಟಿ ಒಳಗೇ ಉಳಿದ ರಕ್ತವನ್ನು ಬೇಗ ತೆಗೆಯದಿದ್ದರೆ ಅದು ಕೀವಾಗಿ ತಿಂಗಳುಗಟ್ಟಲೆ ನರಳಿಸುತ್ತದೆ. ಆದ್ದರಿಂದ ಪ್ರತಿ ಜಿಲ್ಲೆಯಲ್ಲಿ ಎದೆ ತೆರೆಯಬಲ್ಲ ಶಸ್ತ್ರಚಿಕಿತ್ಸಕರು, ರಕ್ತನಿಧಿ, ನಡೆಯುವ ಸ್ಥಿತಿಯ ವೆಂಟಿಲೇಟರ್ ಇರಲೇಬೇಕು. ಕೆಳಗಿನ ಆಸ್ಪತ್ರೆ ತನ್ನ ಕೆಲಸ ಮಾಡಿದರೆ ಮೇಲಿನ ಆಸ್ಪತ್ರೆಗೆ ಈ ರೋಗಿಗಳಿಗಾಗಿ ಹಾಸಿಗೆಯೂ ಬಿಡುವೂ ಸಿಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವ ಲೆಕ್ಕಾಚಾರವನ್ನು ನಾವು ಒಪ್ಪಬಾರದು.

ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆಂದು ರಾಜ್ಯ ಸರ್ಕಾರ 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ತಂದಾಗ 25,000 ರೂಪಾಯಿವರೆಗಿನ ವೆಚ್ಚದ ಮಾತಾಡಿತ್ತು. ಹಣಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ಉಳಿದಿವೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಆರೋಗ್ಯ ರಕ್ಷಾ ಸಮಿತಿಯಿದೆ, ಅದರಲ್ಲಿ ನಿಮ್ಮೂರಿನವರೇ ಸದಸ್ಯರು. ತುರ್ತು ಕೊಠಡಿಯಲ್ಲಿ ಎದೆಗೆ ಹಾಕುವ ಟ್ಯೂಬಿನ ಟ್ರೇ ಸಿದ್ಧವಿದೆಯೇ, ರಾತ್ರಿ ಪಾಳಿಯವರಲ್ಲಿ ಯಾರಿಗೆ ಅದನ್ನು ಹಾಕಲು ಬರುತ್ತದೆ, ಕಳೆದ ತಿಂಗಳು ಎದೆಗೆ ಪೆಟ್ಟುಬಿದ್ದ ಎಷ್ಟು ಜನರನ್ನು ಟ್ಯೂಬು ಹಾಕದೆ ಸಾಗಹಾಕಲಾಯಿತು ಎಂದು ಮುಂದಿನ ಸಭೆಯಲ್ಲಿ ಅವರಿಂದ ಕೇಳಿಸಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.